ಪಡುವಣ ಬಿಸಿಲಿಗೆ ಯಾವ ಮರೆ?

ಮನೆ ಮತ್ತು ಕಟ್ಟಡ: ಓದುಗರ ಪ್ರಶ್ನೆಗಳಿಗೆ ನಮ್ಮ ಸಿವಿಲ್ ಎಂಜಿನಿಯರರ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳವು. ಎಲ್ಲವೂ ಕಿಟಕಿ ಮತ್ತು ಅಂಗಳದ ಮೇಲಿನ ಬಿಸಿಲುಮರೆಗೆ ಸಂಬಂಧಿಸಿದವು. ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಕಲಬುರಗಿಯಲ್ಲಿ ಸೇಡಂ ರಸ್ತೆಯ ಕಡೆಗೆ ನಮ್ಮ ಮನೆ. ಮುಖ ಪಶ್ಚಿಮಕ್ಕಿದೆ. ಮುಂದಿನ ಕೋಣೆಗೆ ನಾಲ್ಕು ಅಡಿ ಎತ್ತರ, ಆರು ಅಡಿ ಅಗಲದ ಕಿಟಕಿ ಇಟ್ಟಿದ್ದೇವೆ. ಮೇಲೆ ಒಂದೂವರೆ ಅಡಿಯ ಕಾಂಕ್ರೀಟ್ ಚಜ್ಜಾ ಇದ್ದರೂ ಮಾರ್ಚ್ ಬಂತೆಂದರೆ ಮಧ್ಯಾಹ್ನ ಮೂರರ ಮೇಲೆ ಆ ಕೋಣೆಯಲ್ಲಿ ಕೂರಲಾಗುವುದಿಲ್ಲ. ವೆಲ್ಡಿಂಗ್ ಅಂಗಡಿಯವರು ಬಣ್ಣದ ತಗಡು ಹಾಕಿಸಿರಿ ಎನ್ನುತ್ತಾರೆ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ ಆದರೆ ಬೆಳಕೂ ಬರುತ್ತದೆ ಎಂಬುದು ನಮ್ಮ ಮಾವನವರ ಮಾತು. ಮಗಳಿಗೆ ಹೈದರಾಬಾದಿನಲ್ಲಿ ನೋಡಿದ ಬಟ್ಟೆಯ ಮಡಚುವ ಮರೆಯೇ ಬೇಕು. ಮೂರರಲ್ಲಿ ಯಾವುದು ಸರಿ?

ಉತ್ತರ: ಮೂರು ವಸ್ತುಗಳನ್ನು ತೂಗಿ ನೋಡುವ ಮೊದಲು ನಿಮ್ಮ ಚಜ್ಜಾ ಏಕೆ ಕೆಲಸ ಮಾಡುತ್ತಿಲ್ಲ ಎಂಬುದನ್ನು ತಿಳಿದುಕೊಳ್ಳಬೇಕು. ಇಲ್ಲವಾದರೆ ಅದೇ ಅಳತೆಯ ಇನ್ನೊಂದು ಮರೆಯನ್ನು ಬೇರೆ ವಸ್ತುವಿನಲ್ಲಿ ಮಾಡಿಸಿ ದುಡ್ಡು ಕಳೆದುಕೊಳ್ಳುತ್ತೀರಿ.

ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ತುಸು ಮೇಲೆ. ಆದ್ದರಿಂದ ಮೇ ತಿಂಗಳ ಎರಡನೆಯ ವಾರದಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಬೇಸಿಗೆಯ ಆ ಹೊತ್ತಿನಲ್ಲಿ ದಕ್ಷಿಣದ ಕಿಟಕಿಗೆ ಒಂದೂವರೆ ಅಡಿಯ ಚಜ್ಜಾ ಧಾರಾಳವಾಗಿ ಸಾಕು. ಪಶ್ಚಿಮದ ಕಿಟಕಿಯ ಲೆಕ್ಕವೇ ಬೇರೆ. ಮೇ ತಿಂಗಳ ಆರಂಭದಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯನ ಎತ್ತರ ಸುಮಾರು 38 ಡಿಗ್ರಿ, ಐದಕ್ಕೆ ಸುಮಾರು 24 ಡಿಗ್ರಿ. ನಾಲ್ಕು ಗಂಟೆಯ ಬಿಸಿಲಿನಲ್ಲಿ ನಿಮ್ಮ ಚಜ್ಜಾದ ನೆರಳು ಕಿಟಕಿಯ ಮೇಲಿನ ಒಂದು ಅಡಿ ಚಿಲ್ಲರೆಯನ್ನಷ್ಟೇ ಮುಚ್ಚುತ್ತದೆ, ಉಳಿದ ಮುಕ್ಕಾಲು ಭಾಗ ಗಾಜು ನೇರ ಬಿಸಿಲಿಗೆ ಬಿದ್ದಿರುತ್ತದೆ. ಚಜ್ಜಾವನ್ನೇ ಅಡ್ಡಕ್ಕೆ ಬೆಳೆಸಿ ಇಡೀ ಕಿಟಕಿಗೆ ನೆರಳು ಕೊಡಬೇಕೆಂದರೆ ನಾಲ್ಕು ಗಂಟೆಗೆ ಐದು ಅಡಿ, ಐದು ಗಂಟೆಗೆ ಒಂಬತ್ತು ಅಡಿ ಚಾಚು ಬೇಕಾಗುತ್ತದೆ. ಅದು ಆಗದ ಮಾತು. ಆದ್ದರಿಂದ ಪಶ್ಚಿಮಕ್ಕೆ ಮರೆಯನ್ನು ಉದ್ದಕ್ಕೆ ಚಾಚುವುದಕ್ಕಿಂತ ಕೆಳಕ್ಕೆ ಇಳಿಸುವುದು ಲಾಭ. ಕಿಟಕಿಯ ಮೇಲಂಚಿನಿಂದ ಮೂರು ಅಡಿ ಮುಂದಕ್ಕೆ ಹೋಗಿ ಎರಡು ಅಡಿ ಕೆಳಗಿಳಿಯುವ ಇಳಿಜಾರಾದ ಮರೆ ನಾಲ್ಕು ಗಂಟೆಯ ಬಿಸಿಲನ್ನು ಪೂರ್ತಿ ತಡೆಯುತ್ತದೆ. ಅದರ ಮುಂದಿನ ಅಂಚಿಗೆ ಒಂದು ಅಡಿಯಷ್ಟು ಝಾಲರು ಇಳಿಬಿಟ್ಟರೆ ಐದು ಗಂಟೆಯದೂ ನಿಲ್ಲುತ್ತದೆ. ಮಾರ್ಚ್‌ನಲ್ಲಿ ನಾಲ್ಕರ ಸೂರ್ಯ ಪಶ್ಚಿಮದಿಂದ ತುಸು ದಕ್ಷಿಣಕ್ಕೂ ಮೇ ತಿಂಗಳಲ್ಲಿ ಐದರ ಸೂರ್ಯ ತುಸು ಉತ್ತರಕ್ಕೂ ಇರುವುದರಿಂದ ಕಿಟಕಿಯ ಎರಡೂ ಪಕ್ಕಕ್ಕೆ ಒಂದೊಂದು ಅಡಿ ಹೆಚ್ಚಿಗೆ ಬಿಡಿರಿ. ಅಂದರೆ ಮರೆಯ ಅಗಲ ಎಂಟು ಅಡಿ. ಕುಳಿತಾಗ ರಸ್ತೆ ಅರ್ಧಂಬರ್ಧ ಕಾಣುತ್ತದೆ ಎಂಬ ಕೊರತೆ ಇದ್ದೇ ಇದೆ. ನೋಟ ಬೇಕೋ ನೆರಳು ಬೇಕೋ ಎಂಬುದನ್ನು ಮನೆಯವರೆಲ್ಲ ಕೂಡಿ ಮೊದಲೇ ತೀರ್ಮಾನಿಸಿಕೊಳ್ಳಿ. ವೆಲ್ಡಿಂಗ್ ಮುಗಿದ ಮೇಲೆ ಈ ಚರ್ಚೆ ಎದ್ದರೆ ಬಗೆಹರಿಯುವುದಿಲ್ಲ.

ಇನ್ನು ವಸ್ತುವಿನ ವಿಚಾರ. ತಗಡು ಮಳೆಗೆ ಒಳ್ಳೆಯದು, ಗಟ್ಟಿ, ಅಗ್ಗ, ನಮ್ಮ ಊರುಗಳ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಆಗುವ ಕೆಲಸ. ಆದರೆ ಬೇಸಿಗೆಯಲ್ಲಿ ಉಷ್ಣತೆ 42–43 ಡಿಗ್ರಿ ಮುಟ್ಟುವ ನಮ್ಮ ಕಡೆ ಅರ್ಧ ಮಿಲಿಮೀಟರ್ ದಪ್ಪದ ತಗಡು ಮಧ್ಯಾಹ್ನದ ಹೊತ್ತಿಗೆ ಕಾದ ರೊಟ್ಟಿಹಂಚಿನಂತಾಗುತ್ತದೆ. ಅದು ನೇರ ಬಿಸಿಲನ್ನು ತಡೆಯುವುದು ನಿಜ. ಆದರೆ ತಾನು ಕುಡಿದ ಕಾವನ್ನು ಕೆಳಮುಖವಾಗಿ ಗೋಡೆಗೂ ಗಾಜಿಗೂ ಬೀರುತ್ತಲೇ ಇರುತ್ತದೆ. ಇದರ ಜೊತೆಗೆ ಅಂಗಡಿಯವರು ಚೆಂದ ಕಾಣಲೆಂದು ಎರಡು ಪಕ್ಕಗಳಿಗೂ ತ್ರಿಕೋನದ ತಗಡು ಹೊಡೆದು ಗೋಡೆಯ ಅಂಚನ್ನು ಸಿಮೆಂಟಿನಿಂದ ಮುಚ್ಚಿಬಿಡುತ್ತಾರೆ. ಆಗ ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ ಕಿಟಕಿಯ ನೆತ್ತಿಯಲ್ಲೇ ನಿಂತು, ಕಿಟಕಿ ತೆರೆದ ಕೂಡಲೇ ಒಳಗೆ ನುಗ್ಗುತ್ತದೆ. ತಗಡನ್ನೇ ಹಾಕಿಸುವುದಾದರೆ ಪಕ್ಕಗಳನ್ನು ತೆರೆದೇ ಬಿಡಿಸಿ, ಗೋಡೆಗೂ ತಗಡಿಗೂ ನಡುವೆ ಎರಡು ಮೂರು ಇಂಚು ಸಂದು ಇರಿಸಿ. ನಿಮಗೆ ಮೇಲೆ ಚಜ್ಜಾ ಇರುವುದರಿಂದ ಆ ಸಂದಿನಲ್ಲಿ ಮಳೆನೀರು ಇಳಿಯುವ ಭಯವಿಲ್ಲ. ಮೇಲ್ಮೈ ಬಿಳಿ ಅಥವಾ ಕೆನೆ ಬಣ್ಣದ್ದಿರಲಿ. ಅಂಗಡಿಗಳಲ್ಲಿ ಗಾಢ ನೀಲಿ, ಕಡುಗೆಂಪು ತಗಡುಗಳೇ ಮುಂದೆ ಜೋಡಿಸಿರುತ್ತವೆ, ನೋಡಲು ಚೆನ್ನಾಗಿಯೂ ಇರುತ್ತವೆ, ಆದರೆ ಅವು ಬಿಸಿಲನ್ನು ಹೀರುವ ಬಣ್ಣಗಳು. ಎರಡು ತಗಡುಗಳ ನಡುವೆ ಫೋಮ್ ಇರುವ ಪಫ್ ಪ್ಯಾನಲ್ ಬಳಸಿದರೆ ಕಾವು ಕೆಳಗಿಳಿಯುವುದು ಬಹಳ ಕಡಿಮೆಯಾಗುತ್ತದೆ, ಮಳೆಯ ಸದ್ದೂ ತಗ್ಗುತ್ತದೆ. ಆದರೆ ಒಂದು ಕಿಟಕಿಗೆ ಅಷ್ಟು ಖರ್ಚು ಸಲ್ಲದು, ಇಡೀ ಮಾಳಿಗೆಗೆ ಹೊದಿಕೆ ಹಾಕಿಸುವಾಗ ಯೋಚಿಸಬಹುದು.

ಪಾಲಿಕಾರ್ಬೊನೇಟ್ ಕುರಿತು ನಿಮ್ಮ ಮಾವನವರು ಹೇಳಿದ್ದು ಸರಿ, ಬೆಳಕು ಬರುತ್ತದೆ. ಕಷ್ಟವೂ ಅದರಲ್ಲೇ ಇದೆ. ಸ್ವಚ್ಛ ಹಾಳೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೂರಕ್ಕೆ 85 ಭಾಗಕ್ಕೂ ಹೆಚ್ಚನ್ನು ಒಳಗೆ ಬಿಡುತ್ತದೆ. ಅತಿನೇರಳೆ ಕಿರಣಗಳನ್ನು ಬಹುಪಾಲು ತಡೆಯುವುದರಿಂದ ಪರದೆ, ಸೋಫಾಗಳ ಬಣ್ಣ ಉಳಿಯುತ್ತದೆ. ಆದರೆ ಕೋಣೆಯನ್ನು ಕಾಯಿಸುವುದು ಆ ಕಿರಣಗಳಲ್ಲ, ಬೆಳಕು ಮತ್ತು ಅವಕೆಂಪು ಕಿರಣಗಳು. ಕಂಚು ಬಣ್ಣದ ಇಲ್ಲವೇ ಹಾಲುಬಿಳುಪಿನ ಹಾಳೆ ಸ್ವಲ್ಪ ವಾಸಿ. ಕತ್ತಲಾದ ಅಡುಗೆಮನೆಯ ಹಿಂಬಾಗಿಲಿಗೆ, ಉತ್ತರದ ಮೆಟ್ಟಿಲಿಗೆ, ಬೈಕು ನಿಲ್ಲಿಸುವ ಜಾಗಕ್ಕೆ ನಾನು ಪಾಲಿಕಾರ್ಬೊನೇಟನ್ನೇ ಹೇಳುತ್ತೇನೆ. ಪಡುವಣ ಕಿಟಕಿಗೆ ಬೇಡ.

ಬಟ್ಟೆಯಲ್ಲಿ ನಮ್ಮ ಕಡೆ ಸಿಗುವುದು ಮುಖ್ಯವಾಗಿ ಮೂರು ಬಗೆ. ಹಳೆಯ ಹತ್ತಿ ಕ್ಯಾನ್ವಾಸು ಬಿಸಿಲನ್ನು ತಡೆಯುತ್ತದೆ, ಆದರೆ ಮಳೆಗಾಲದಲ್ಲಿ ಒದ್ದೆಯಾಗಿ ಬೂಸು ಹಿಡಿದು ಬೇಗ ಜೀರ್ಣವಾಗುತ್ತದೆ. ಪಾಲಿಯೆಸ್ಟರ್ ನೇಯ್ಗೆಯ ಮೇಲೆ ಪಿವಿಸಿ ಎಂಬ ಪ್ಲಾಸ್ಟಿಕ್ ಲೇಪಿಸಿದ ಬಟ್ಟೆಯಲ್ಲಿ ನೀರು ಒಂದು ಹನಿಯೂ ಇಳಿಯುವುದಿಲ್ಲ, ತೊಳೆಯುವುದು ಸುಲಭ. ಗಾಳಿಯಾಡದ ಕಾರಣ ಕೆಳಗೆ ಧಗೆ ಇರುತ್ತದೆ, ಕೀಳು ದರ್ಜೆಯದಾದರೆ ವರ್ಷಗಳು ಕಳೆದಂತೆ ಲೇಪ ಬಿರಿಯುತ್ತದೆ. ಮೂರನೆಯದು ಅಕ್ರಿಲಿಕ್ ಎಂಬ ಕೃತಕ ಎಳೆಯ ಬಟ್ಟೆ. ಇದರಲ್ಲಿಯೂ ನೇಯ್ದ ನಂತರ ಮೇಲೆ ಮುದ್ರಿಸಿದ ಬಣ್ಣ ಬೇರೆ, ಎಳೆ ತೆಗೆಯುವ ಮೊದಲೇ ದ್ರಾವಣದಲ್ಲಿ ಬೆರೆಸಿದ ಬಣ್ಣ ಬೇರೆ. ಎರಡನೆಯ ಬಗೆಯಲ್ಲಿ ಬಣ್ಣ ಎಳೆಯ ಒಳಗೆಲ್ಲ ಇರುವುದರಿಂದ ವರ್ಷಾನುಗಟ್ಟಲೆ ಬಿಸಿಲಿಗೂ ಮಾಸುವುದು ಕಡಿಮೆ. ಅಂಗಡಿಯಲ್ಲಿ ಒಂದು ಎಳೆಯನ್ನು ಬಿಚ್ಚಿ ತುಂಡರಿಸಿ ನೋಡಿ, ಒಳಗೂ ಅದೇ ಬಣ್ಣವಿದ್ದರೆ ಅದು ಬೇಕಾದ ಸರಕು. ಚದರ ಮೀಟರಿಗೆ 300 ಗ್ರಾಂ ಆಸುಪಾಸಿನ ತೂಕವಿರಲಿ. ಈ ಬಟ್ಟೆ ಸ್ವಲ್ಪ ಉಸಿರಾಡುತ್ತದೆ, ಅದರ ಮೈಯಲ್ಲಿ ತಗಡಿನಷ್ಟು ಕಾವು ನಿಲ್ಲುವುದಿಲ್ಲ. ಜಿಟಿಜಿಟಿ ಮಳೆ ಅದರ ಮೇಲಿಂದ ಜಾರಿ ಹೋಗುತ್ತದೆ, ಆದರೆ ಸೆಪ್ಟೆಂಬರಿನ ಜಡಿಮಳೆಗೆ ಹನಿ ಒಸರಬಹುದು. ಬಟ್ಟೆ ಯಾವುದಾದರೂ ಒಂದು ಅಡಿ ಚಾಚಿಗೆ ಕನಿಷ್ಠ ಮೂರು ಇಂಚು ಇಳಿಜಾರು ಬೇಕೇ ಬೇಕು, ಇಲ್ಲದಿದ್ದರೆ ನೀರು ನಿಂತು ಹೊಟ್ಟೆ ಬಿಡುತ್ತದೆ. ನಾನು ಮೇಲೆ ಹೇಳಿದ ಅಳತೆಯಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ: ಬಟ್ಟೆಗಿಂತ ಮೊದಲು ಸಾಯುವುದು ಹೊಲಿಗೆ. ಸಾಧಾರಣ ದಾರ ಬಿಸಿಲಿಗೆ ಪುಡಿಯಾಗಿ ಉದುರುತ್ತದೆ. ಹೊರಾಂಗಣಕ್ಕೆಂದೇ ಇರುವ, ಬಿಸಿಲು ತಾಳುವ ದಪ್ಪ ದಾರದಲ್ಲಿ ಜೋಡಿ ಹೊಲಿಗೆ ಹಾಕಿಸಿ.

ಹೀಗಾಗಿ ನಿಮ್ಮ ಕಿಟಕಿಗೆ ನನ್ನ ಮತ ಮಗಳ ಕಡೆಗೆ, ಅರ್ಧದಷ್ಟು ಮಾತ್ರ. ಬಟ್ಟೆ ಸರಿ, ಮಡಚುವ ಮರೆ ಸರಿಯೇ ಎಂಬುದು ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ ಎಂಬುದರ ಮೇಲೆ ನಿಂತಿದೆ. ಏಪ್ರಿಲ್–ಮೇ ತಿಂಗಳಲ್ಲಿ ಸಂಜೆ ಆಕಾಶ ಕಪ್ಪಾಗಿ, ಧೂಳೆದ್ದು, ಮಳೆಗಿಂತ ಮೊದಲು ಬರುವ ಬಿರುಗಾಳಿ ನಿಮಗೆ ಹೊಸದಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 72 ಕಿ.ಮೀ. ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 24 ಕಿಲೊ ಭಾರದಷ್ಟು ಒತ್ತಿದರೆ 108 ಕಿ.ಮೀ. ಗಾಳಿ ಸುಮಾರು 55 ಕಿಲೊದಷ್ಟು ಒತ್ತುತ್ತದೆ. ನಿಮ್ಮ ಎಂಟು ಅಡಿ ಅಗಲದ ಮರೆಯ ಹರವು 2.7 ಚದರ ಮೀಟರಿನ ಹತ್ತಿರ. ಅಂದರೆ ಅಂಥ ಒಂದು ಹೊಡೆತಕ್ಕೆ 150 ಕಿಲೊದಷ್ಟು ಬಲ ಅದನ್ನು ಕೆಳಗಿನಿಂದ ಮೇಲಕ್ಕೆ ಕೀಳಲು ನೋಡುತ್ತದೆ. ಮಡಚುವ ಮರೆಯ ತೋಳುಗಳು ಇದಕ್ಕಾಗಿ ಮಾಡಿದವಲ್ಲ, ಗಾಳಿ ಎದ್ದೊಡನೆ ಅದನ್ನು ಒಳಗೆಳೆಯಲೇಬೇಕು. ಮನೆಯಲ್ಲಿ ಹಿರಿಯರು ಇದ್ದು ನಿಗಾ ಇಡುವುದಾದರೆ ಮಡಚುವುದನ್ನು ಕೊಳ್ಳಿ. ಎಲ್ಲರೂ ಕೆಲಸಕ್ಕೆ ಹೋಗುವ ಮನೆಯಾದರೆ ಅಲ್ಯೂಮಿನಿಯಂ ಪೈಪಿನ ಅಥವಾ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು ಬಣ್ಣ ಹೊಡೆದ ಕಬ್ಬಿಣದ ಚೌಕ ಪೈಪಿನ ಸ್ಥಿರ ಚೌಕಟ್ಟಿಗೆ ಬಟ್ಟೆಯನ್ನು ಬಿಗಿಯಾಗಿ ಹಗ್ಗದಿಂದ ಕಟ್ಟಿಸಿ. ಹಗ್ಗದ ಕಟ್ಟಿನ ಲಾಭವೆಂದರೆ ಮಳೆಗಾಲ ಕಳೆದ ಮೇಲೆ ಬಟ್ಟೆಯನ್ನು ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ ಫೆಬ್ರುವರಿಯವರೆಗೆ ಎತ್ತಿಡಬಹುದು. ಚಳಿಗಾಲದ ಸಂಜೆಯ ಬಿಸಿಲು ಕೋಣೆಗೆ ಬಂದರೆ ಯಾರೂ ಬೇಡವೆನ್ನುವುದಿಲ್ಲ.

ಚೌಕಟ್ಟನ್ನು ಗೋಡೆಗೆ ಹಿಡಿಸುವ ವಿಧಾನದಲ್ಲಿ ಜಿಪುಣತನ ಬೇಡ. ಗಟ್ಟಿ ಇಟ್ಟಿಗೆ ಅಥವಾ ಕಿಟಕಿಯ ಮೇಲೆ ಕಾಂಕ್ರೀಟ್ ತೊಲೆ (ಲಿಂಟಲ್) ಇದ್ದರೆ ತೂತಿನೊಳಗೆ ಅರಳಿ ಹಿಡಿಯುವ ಆ್ಯಂಕರ್ ಬೋಲ್ಟ್ ಸಾಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಅದು ಕಿತ್ತು ಬರುತ್ತದೆ. ಗೋಡೆಯ ಆಚೆ ಈಚೆ ಪಟ್ಟಿಯಿಟ್ಟು ಉದ್ದನೆಯ ಬೋಲ್ಟ್ ತೂರಿಸಬೇಕು. ಚಜ್ಜಾದ ತುದಿಗೆ ಕೊರೆದು ನೇತುಹಾಕುವುದಂತೂ ಬೇಡ.

ಪ್ರಶ್ನೆ: ಬೀದರಿನಲ್ಲಿ ನಮ್ಮದು ಜಂಬಿಟ್ಟಿಗೆ ಕಲ್ಲಿನ ಹಳೆಯ ಮನೆ. ನಡುವಿನ ಅಂಗಳಕ್ಕೆ ಎರಡು ವರ್ಷದ ಹಿಂದೆ ಪಾಲಿಕಾರ್ಬೊನೇಟ್ ಹಾಳೆ ಹಾಕಿಸಿದೆವು. ಈಗಾಗಲೇ ಹಳದಿಯಾಗಿದೆ, ಸ್ಕ್ರೂ ಇದ್ದಲ್ಲೆಲ್ಲ ಸೋರುತ್ತದೆ, ಹಾಳೆಯ ಒಳಗಿನ ಕೊಳವೆಗಳಲ್ಲಿ ಹಸಿರು ಪಾಚಿ ಕಟ್ಟಿದೆ. ಸರಕು ನಕಲಿಯೇ?

ಉತ್ತರ: ಸರಕು ಕೀಳಾಗಿರಬಹುದು, ಆದರೆ ನೀವು ಹೇಳುವ ಮೂರು ಲಕ್ಷಣಗಳೂ ಒಳ್ಳೆಯ ಹಾಳೆಯನ್ನು ತಪ್ಪಾಗಿ ಕೂಡಿಸಿದಾಗಲೂ ಕಾಣಿಸಿಕೊಳ್ಳುತ್ತವೆ. ಸಾಧಾರಣವಾಗಿ ಈ ಹಾಳೆಗಳಿಗೆ ಅತಿನೇರಳೆ ಕಿರಣ ತಡೆಯುವ ತೆಳುಪದರ ಒಂದೇ ಮೈಗೆ ಇರುತ್ತದೆ. ಯಾವ ಮೈ ಎಂಬುದನ್ನು ಅದಕ್ಕೆ ಅಂಟಿಸಿ ಬಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿರುತ್ತಾರೆ. ಕೆಲಸಗಾರರು ಆ ಪ್ಲಾಸ್ಟಿಕ್ಕನ್ನು ಮೊದಲೇ ಸುಲಿದು ಹಾಕಿ ಹಾಳೆಯನ್ನು ತಿರುಗುಮುರುಗಾಗಿ ಕೂಡಿಸಿದರೆ ಒಂದೆರಡು ಬೇಸಿಗೆಯಲ್ಲಿ ಹಳದಿ ಬರುವುದು ಖಂಡಿತ. ಹಳದಿಯಾದ ಹಾಳೆಯನ್ನು ಈಗ ತಿರುಗಿಸಿ ಹಾಕಿ ಪ್ರಯೋಜನವಿಲ್ಲ.

ಸೋರುವಿಕೆಗೆ ಕಾರಣ ಹಿಗ್ಗುವಿಕೆ. ಪಾಲಿಕಾರ್ಬೊನೇಟ್ ಕಾವಿಗೆ ಉಕ್ಕಿಗಿಂತ ಐದು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಚಳಿಗಾಲದ ನಸುಕಿನ 15 ಡಿಗ್ರಿಯಿಂದ ಬೇಸಿಗೆಯ ಮಧ್ಯಾಹ್ನ ಹಾಳೆಯ ಮೈ 60 ಡಿಗ್ರಿ ಮುಟ್ಟುವವರೆಗೆ ಮೂರು ಮೀಟರ್ ಉದ್ದದ ಹಾಳೆ ಸುಮಾರು 9 ಮಿಲಿಮೀಟರ್ ಬೆಳೆಯುತ್ತದೆ. ಸ್ಕ್ರೂವಿನ ಅಳತೆಗೇ ತೂತು ಕೊರೆದು ಬಿಗಿದಾಗ ಹಾಳೆಗೆ ಸರಿಯಲು ಜಾಗವಿಲ್ಲದೆ ತೂತಿನ ಸುತ್ತ ಸೀಳುತ್ತದೆ, ಅಲ್ಲಿಂದ ನೀರು. ಮುಂದಿನ ಸಲ ತೂತು ಸ್ಕ್ರೂವಿಗಿಂತ ಮೂರು ನಾಲ್ಕು ಮಿಲಿಮೀಟರ್ ದೊಡ್ಡದಿರಲಿ, ಮೇಲೆ ಅಗಲವಾದ ರಬ್ಬರ್ ವಾಷರ್ ಕೂರಲಿ, ಹಾಳೆಗೆ ಗುಳಿ ಬೀಳುವಷ್ಟು ಬಿಗಿಯದಿರಲಿ. ಸಂದುಗಳಿಗೆ ಹುಳಿವಾಸನೆಯ ಅಗ್ಗದ ಸಿಲಿಕೋನ್ ಅಂಟು ಬೇಡ, ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಪಾಚಿಯ ಮಟ್ಟಿಗೆ ಹೇಳುವುದಾದರೆ, ಕೊಳವೆಗಳು ಇಳಿಜಾರಿನ ದಿಕ್ಕಿಗೇ ಹರಿಯಬೇಕು, ಮೇಲಿನ ಬಾಯಿಗೆ ಅಲ್ಯೂಮಿನಿಯಂ ಟೇಪು, ಕೆಳಗಿನ ಬಾಯಿಗೆ ತೇವ ಹೊರಬಿಟ್ಟು ಧೂಳು ತಡೆಯುವ ರಂಧ್ರದ ಟೇಪು ಹಾಕಬೇಕು. ಬಾಯಿ ತೆರೆದು ಬಿಟ್ಟರೆ ಧೂಳು, ತೇವ, ಇರುವೆ ಎಲ್ಲವೂ ಒಳಗೆ ಸೇರುತ್ತವೆ. ಸ್ವಚ್ಛ ಮಾಡಲು ಸಾಬೂನು ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ಥಿನ್ನರ್, ಪೆಟ್ರೋಲ್ ತಾಗಿದರೆ ಹಾಳೆ ಬಿರಿಯುತ್ತದೆ.

ನಿಮ್ಮ ಮನೆಗೆ ನಾನು ಒಂದು ಮಾತನ್ನು ಸೇರಿಸಬೇಕು. ನಡುವಿನ ಅಂಗಳವಿರುವುದೇ ಮನೆಯ ಬಿಸಿಗಾಳಿ ಮೇಲೇರಿ ಹೋಗಲೆಂದು. ಅದನ್ನು ಹಾಳೆಯಿಂದ ಗೋಡೆಗೆ ಗೋಡೆ ಮುಚ್ಚಿಬಿಟ್ಟರೆ ಬಾವಿಯಂಥ ಆ ಜಾಗದಲ್ಲಿ ಕಾವು ನಿಂತು ಸುತ್ತಲಿನ ಪಡಸಾಲೆಗಳೂ ಕಾಯುತ್ತವೆ. ಹೊಸ ಹಾಳೆಯನ್ನು ಮಾಳಿಗೆಯ ಅಂಚಿಗಿಂತ ಒಂದೂವರೆ ಅಡಿ ಎತ್ತರಿಸಿ, ನಾಲ್ಕು ಕಡೆಗೂ ಒಂದೆರಡು ಅಡಿ ಹೊರಚಾಚಿಸಿ, ಪಕ್ಕಗಳಿಗೆ ಜಾಲರಿ ಮಾತ್ರ ಹಾಕಿಸಿ. ಮಳೆ ಬರುವುದಿಲ್ಲ, ಗಾಳಿ ಹೋಗುತ್ತದೆ, ಮಂಗಗಳೂ ಒಳಗಿಳಿಯುವುದಿಲ್ಲ. ಮಂಗಗಳು ಹಾರಿ ಬೀಳುವ ಓಣಿಯಾದರೆ, ಮಾರ್ಚ್–ಏಪ್ರಿಲ್‌ನ ಆಲಿಕಲ್ಲನ್ನೂ ನೆನೆದು, ತೆಳುವಾದ ಟೊಳ್ಳು ಹಾಳೆಯ ಬದಲು ಗಟ್ಟಿ ಹಾಳೆಯನ್ನೇ ಆರಿಸುವುದು ಮೇಲು. ಜಂಬಿಟ್ಟಿಗೆ ಮೆದುವಾದ, ರಂಧ್ರಗಳಿರುವ ಕಲ್ಲು. ಅರಳುವ ಆ್ಯಂಕರ್ ಬೋಲ್ಟ್ ಅದರಲ್ಲಿ ಹಿಡಿತ ಸಾಧಿಸುವುದಿಲ್ಲ. ಅಂಟುದ್ರವ ತುಂಬಿ ಕೂರಿಸುವ ಕೆಮಿಕಲ್ ಆ್ಯಂಕರ್ ಬಳಸಿ, ಇಲ್ಲವೇ ಅಂಗಳದ ಮೂಲೆಗಳಲ್ಲಿ ಪ್ರತ್ಯೇಕ ಕಂಬ ನಿಲ್ಲಿಸಿ ಭಾರವನ್ನು ಗೋಡೆಗೆ ಬಿಡದಿರುವುದು ಇನ್ನೂ ಕ್ಷೇಮ.

ಪ್ರಶ್ನೆ: ಯಾದಗಿರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದೆಂದು ಮನೆ ಮಾಲೀಕರ ಕಟ್ಟಪ್ಪಣೆ. ಒಳಗೆ ದಪ್ಪ ಪರದೆ ಹಾಕಿದರೂ ಸೆಕೆ ತಗ್ಗುತ್ತಿಲ್ಲ. ತಾಡಪತ್ರಿ ಕಟ್ಟಬಹುದೇ?

ಉತ್ತರ: ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಅದನ್ನು ಹೀರಿಕೊಂಡು ಕೋಣೆಗೇ ಹಂಚುತ್ತದೆ. ಅದೇ ಬಟ್ಟೆ ಗಾಜಿನ ಹೊರಗೆ ಇದ್ದರೆ ಕಾವು ಹೊರಗಿನ ಗಾಳಿಯ ಪಾಲಾಗುತ್ತದೆ. ಆದ್ದರಿಂದ ಮರೆ ಹೊರಗಿರಬೇಕು. ತಾಡಪತ್ರಿ ಮಾತ್ರ ಬೇಡ, ಅದು ಗಾಳಿಯನ್ನೂ ಕಟ್ಟಿಹಾಕುತ್ತದೆ, ರಾತ್ರಿಯಿಡೀ ಪಟಪಟನೆ ಬಡಿದುಕೊಳ್ಳುತ್ತದೆ. ಕೃಷಿ ಸಾಮಗ್ರಿಗಳ ಅಂಗಡಿಯಲ್ಲಿ ಸಿಗುವ ಶೇಡ್ ನೆಟ್ ತನ್ನಿ. 50, 75, 90 ಎಂಬ ಅಂಕಿಗಳು ಅದು ತಡೆಯುವ ಬೆಳಕಿನ ಶೇಕಡಾವಾರು. ಕಿಟಕಿಗೆ 75ರದು ಸಾಕು, ಪಶ್ಚಿಮದ್ದಾದರೆ 90. ಬಿಸಿಲು ತಾಳುವಂತೆ ಸಂಸ್ಕರಿಸಿದ ನೆಟ್ಟೇ ಆಗಿರಲಿ, ಇಲ್ಲದಿದ್ದರೆ ಬೇಗನೆ ಎಳೆ ಎಳೆಯಾಗಿ ಉದುರುತ್ತದೆ. ಮೇಲೂ ಕೆಳಗೂ ಒಂದೊಂದು ಪೈಪು ತೂರಿಸಿ ಹೊಲಿಸಿ, ಮೇಲಿನದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿ, ಕೆಳಗಿನದನ್ನು ಗಾಜಿನಿಂದ ಅರ್ಧ ಅಡಿಯಾದರೂ ದೂರ ಬರುವಂತೆ ಹೊರಕ್ಕೆ ಎಳೆದು ಕಟ್ಟಿರಿ. ಬಿದಿರಿನ ತಟ್ಟಿಯೂ ಆದೀತು, ಸುತ್ತಿ ಮೇಲೆತ್ತುವ ಅನುಕೂಲವಿದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಏಪ್ರಿಲ್–ಮೇ ತಿಂಗಳ ಒಣಗಾಳಿಯಲ್ಲಿ ಕೋಣೆ ನಿಜಕ್ಕೂ ತಂಪಾಗುತ್ತದೆ, ಗಾಳಿಯಲ್ಲಿ ತೇವ ತುಂಬಿದ ಜೂನ್ ನಂತರ ಅದರಿಂದ ಉಪಯೋಗವಿಲ್ಲ. ನಳದ ನೀರು ದಿನ ಬಿಟ್ಟು ದಿನ ಬರುವ ಓಣಿಯಲ್ಲಿ ಅದನ್ನು ಹೇಳಲು ನನಗೆ ಸಂಕೋಚವಿದೆ. ಹಳ್ಳಿಯ ಕಡೆಯಿಂದ ತೊಗರಿ ಕಟ್ಟಿಗೆಯ ತಟ್ಟಿ ತರಿಸುವ ಯೋಚನೆಯಿದ್ದರೆ ಅಡುಗೆಮನೆಯ ಕಿಟಕಿಗೆ ಮಾತ್ರ ಕಟ್ಟಬೇಡಿ, ಬೆಂಕಿಯ ಭಯ.

ಪ್ರಶ್ನೆ: ಶಹಾಬಾದಿನವರು ನಾವು. ಊರಲ್ಲೇ ಇಷ್ಟು ಫರಸಿ ಕಲ್ಲು ಇರುವಾಗ ತಗಡು, ಬಟ್ಟೆ ಎಂದು ಖರ್ಚು ಮಾಡುವುದೇಕೆ? ಹಳೆಯ ಗೋಡೆಗೆ ಕಲ್ಲಿನ ಚಜ್ಜಾ ಕೂಡಿಸಬಹುದೇ? ಮುಂಬಾಗಿಲ ಮೇಲೆ ಈಗಿರುವ ಹಳೆಯ ಸಿಮೆಂಟ್ ಶೀಟನ್ನು ಏನು ಮಾಡುವುದು?

ಉತ್ತರ: ಹೊಸ ಗೋಡೆ ಕಟ್ಟುವಾಗಲಾದರೆ ಫರಸಿಯ ಚಜ್ಜಾಕ್ಕೆ ಸಮನಾದದ್ದಿಲ್ಲ, ತುಕ್ಕಿಲ್ಲ, ಮಾಸುವುದಿಲ್ಲ, ನಿಮ್ಮ ಊರಿನ ಹಳೆಯ ಮನೆಗಳೇ ಸಾಕ್ಷಿ. ಆದರೆ 40 ಮಿಲಿಮೀಟರ್ ದಪ್ಪದ ಕಲ್ಲು ಚದರ ಮೀಟರಿಗೆ ನೂರು ಕಿಲೊಗೂ ಹೆಚ್ಚು ತೂಗುತ್ತದೆ. ಹೊರಗೆ ಚಾಚಿದಷ್ಟು ಭಾಗವನ್ನು ಗೋಡೆಯೊಳಗೆ ಸೇರಿದ ಭಾಗವೂ ಅದರ ಮೇಲೆ ಕಟ್ಟಿದ ಗೋಡೆಯ ಭಾರವೂ ಒತ್ತಿ ಹಿಡಿಯಬೇಕು. ಕಟ್ಟಿ ಮುಗಿದ ಗೋಡೆಯಲ್ಲಿ ಸಂದು ತೋಡಿ ಸಿಮೆಂಟಿನಿಂದ ಅಂಟಿಸಿದ ಕಲ್ಲಿನ ಕೆಳಗೆ ಜನ ಓಡಾಡುವುದು ಬೇಡ. ಫರಸಿ ಪದರ ಪದರವಾದ ಸುಣ್ಣಕಲ್ಲು, ಬೋಲ್ಟಿಗೆಂದು ಅಂಚಿನಲ್ಲಿ ಕೊರೆದರೆ ಸೀಳುವ ಸಂಭವ ಹೆಚ್ಚು. ಕಲ್ಲೇ ಬೇಕೆಂದಿದ್ದರೆ ಕೆಳಗೆ ಕಬ್ಬಿಣದ ಬ್ರಾಕೆಟ್ ಕೊಟ್ಟು, ಅದು ಗೋಡೆಯ ಆಚೆಯಿಂದ ಬೋಲ್ಟ್ ಹಾಕಿದ್ದಾಗಿರಲಿ, ಚಾಚು ಒಂದೂವರೆ ಅಡಿ ಮೀರದಿರಲಿ. ದಕ್ಷಿಣ ಮತ್ತು ಉತ್ತರದ ಕಿಟಕಿಗಳಿಗೆ ಅಷ್ಟು ಸಾಕು. ಪಶ್ಚಿಮಕ್ಕೆ ಏಕೆ ಸಾಲದು ಎಂಬುದನ್ನು ಮೊದಲ ಉತ್ತರದಲ್ಲಿ ಬರೆದಿದ್ದೇನೆ.

ಹಳೆಯ ಸಿಮೆಂಟ್ ಶೀಟ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯೇ ಹೆಚ್ಚು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಪಾಯವಿರುವುದು ಅದರ ಧೂಳು ಉಸಿರಿನಲ್ಲಿ ಹೋದಾಗ. ಶೀಟ್ ಗಟ್ಟಿಯಾಗಿದ್ದರೆ ಕೆದಕದೆ, ಉಜ್ಜದೆ, ಮೇಲೊಂದು ಬಣ್ಣದ ಲೇಪ ಕೊಟ್ಟು ಬಿಡಿ. ಪೈಪಿಗೆಂದೋ ತಂತಿಗೆಂದೋ ತೂತು ಕೊರೆಯಬೇಡಿ. ಬಿರುಕು ಬಿಟ್ಟಿದ್ದರೆ ತೆಗೆಸಲೇಬೇಕು: ನೀರು ಚಿಮುಕಿಸಿ ಒದ್ದೆ ಮಾಡಿ, ಬೋಲ್ಟುಗಳನ್ನು ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು. ಮಕ್ಕಳನ್ನು ಆ ಹೊತ್ತು ದೂರವಿರಿಸಿ, ಕೆಲಸಗಾರರಿಗೆ ಕರವಸ್ತ್ರ ಸಾಲದು, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಕೊಡಿಸಿ. ತುಂಡುಗಳನ್ನು ಹಿತ್ತಲಲ್ಲಿ ಹೂಳುವುದು, ರಸ್ತೆಯ ಗುಂಡಿಗೆ ತುಂಬುವುದು ಸರಿಯಲ್ಲ. ವಿಲೇವಾರಿಯ ಬಗ್ಗೆ ನಗರಸಭೆಯಲ್ಲಿ ಇಲ್ಲವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿಕೊಂಡು, ಅದಾದ ಮೇಲೆಯೇ ಶೀಟ್ ಇಳಿಸುವ ದಿನವನ್ನು ಗೊತ್ತುಮಾಡಿ.